ಯಾರ ಸೇರು, ಯಾವ ಊರಿನ ಮಣ?



ಕಳೆದ ಬೇಸಿಗೆಯಲ್ಲಿ ಸಾಗರದ ಹತ್ತಿರ ಇರುವ ನಮ್ಮ ಹಳೇ ಮನೆಗೆ ಹೆಂಚು ಬದಲಿಸಬೇಕಾಗಿ ಬಂತು. ಅದಕ್ಕೆ ಮೊದಲು ಅಟ್ಟ ಖಾಲಿ ಮಾಡಬೇಕಲ್ಲ. ಒಡೆದ ಕಡಾಯಿ, ಕಾಲು ಮುರಿದ ಮಣೆ, ಗೆದ್ದಲು ಹಿಡಿದ ಪಂಚಾಂಗದ ಕಟ್ಟು, ಇವುಗಳ ನಡುವೆ ಅಜ್ಜನ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ಒತ್ತಿ ಬರೆದ ಮೋಡಿ ಅಕ್ಷರ. 1952ನೇ ಇಸವಿಯ ಒಂದು ಪುಟದಲ್ಲಿ ಅಡಿಕೆ ಮಾರಿದ ಲೆಕ್ಕವಿತ್ತು. ಮೊದಲ ಸಲ ಮಣ 5, ಸೇರು 28. ಎರಡನೇ ಸಲ ಮಣ 6, ಸೇರು 26. ಕೆಳಗೆ ಗೆರೆ ಎಳೆದು ಒಟ್ಟು, ಮಣ 12, ಸೇರು 14.

ಅಣ್ಣನ ಮಗ ಪಕ್ಕದಲ್ಲೇ ನಿಂತಿದ್ದ. ಮೊಬೈಲ್ ತೆಗೆದ, ಒಂದು ಮಣಕ್ಕೆ ಎಷ್ಟು ಕೆ.ಜಿ. ಎಂದು ಹುಡುಕಿದ, ಗುಣಿಸಿದ. “ಚಿಕ್ಕಪ್ಪ, 461 ಕೆ.ಜಿ. ಅಡಿಕೆ!” ಎಂದು ಕೂಗಿ ಹೇಳಿದ. ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದ ದೊಡ್ಡಮ್ಮನಿಗೆ ಅದು ಕೇಳಿಸಿತು. ಅವರು ಆ ಮನೆಗೆ ಸೊಸೆಯಾಗಿ ಬಂದದ್ದು ಅದೇ ವರ್ಷ. “ಎಲ್ಲಿಂದ ಬಂತೋ ಮಾರಾಯ ಅಷ್ಟು ಅಡಿಕೆ? ಆಗ ನಮಗೆ ಇದ್ದದ್ದು ಹದಿನೈದು ಗುಂಟೆ ತೋಟ. ನಾಲ್ಕೂವರೆ ಕ್ವಿಂಟಲ್ ಬೆಳೆದಿದ್ದರೆ ಮಾವನೋರು ವರ್ಷಾ ವರ್ಷಾ ಸಾಲ ಯಾಕೆ ಮಾಡ್ತಿದ್ರು?” ಎಂದರು.

ಹುಡುಗನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ದೊಡ್ಡಮ್ಮನ ನೆನಪಿನಲ್ಲೂ ತಪ್ಪಿರಲಿಲ್ಲ. ಮೊಬೈಲು ಹೇಳಿದ್ದು ಬಂಗಾಳದ ಮಣ, ಅಜ್ಜ ಬರೆದದ್ದು ಮಲೆನಾಡಿನ ಮಣ. ಹೆಸರು ಒಂದೇ, ತೂಕದಲ್ಲಿ ಮೂರು ಪಟ್ಟಿಗೂ ಮೀರಿದ ಅಂತರ. ಏಷ್ಯಾದ ಹಳೆಯ ತೂಕಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ನನ್ನ ಮಾತಿನ ವಿಷಯ. ಅದನ್ನು ನಮ್ಮ ಜಗಲಿಯಿಂದಲೇ ಶುರುಮಾಡುತ್ತೇನೆ.

ಆ ದಿನ ಅಟ್ಟದ ಮೂಲೆಯಲ್ಲಿ ಇನ್ನೊಂದು ವಸ್ತುವೂ ಸಿಕ್ಕಿತ್ತು. ತುಕ್ಕು ಹಿಡಿದ ಒಂದು ಕಬ್ಬಿಣದ ತೂಕದ ಕಲ್ಲು. ‘ಐದು ಸೇರಿನ ಕಲ್ಲು’ ಎಂದು ದೊಡ್ಡಮ್ಮ ನೋಡಿದ ಕೂಡಲೇ ಗುರುತು ಹಿಡಿದರು. ಪೇಟೆಯ ದಿನಸಿ ಅಂಗಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟೆ. 1 ಕಿಲೋ 392 ಗ್ರಾಂ ತೋರಿಸಿತು. ಐದರಿಂದ ಭಾಗಿಸಿದರೆ ಸೇರಿಗೆ 278 ಗ್ರಾಂ ಚಿಲ್ಲರೆ. ಎಪ್ಪತ್ತು ವರ್ಷದ ಸವಕಳಿಯನ್ನು ಸೇರಿಸಿಕೊಂಡರೆ ಇದು ಮೈಸೂರು ಸೀಮೆಯ ಕಚ್ಚಾ ಸೇರು, ಅಂದರೆ 24 ರೂಪಾಯಿ ತೂಕ, 280 ಗ್ರಾಂ. ಇನ್ನು ಮಣಕ್ಕೆ ಎಷ್ಟು ಸೇರು? ಅದಕ್ಕೆ ಉತ್ತರ ಅಜ್ಜನ ಕೂಡಿಕೆಯಲ್ಲೇ ಇತ್ತು. 28 ಸೇರಿಗೆ 26 ಸೇರು ಕೂಡಿದರೆ 54. ಅಜ್ಜ 14 ಇಟ್ಟುಕೊಂಡು ಒಂದು ಮಣ ದಶಕ ಒಯ್ದಿದ್ದಾರೆ. 54ರಲ್ಲಿ 14 ಕಳೆದರೆ 40. ಮಣಕ್ಕೆ 40 ಸೇರು, ಅಂದರೆ 11 ಕಿಲೋ 200 ಗ್ರಾಂ. ಹಾಗೆ ಲೆಕ್ಕ ಹಾಕಿದಾಗ ಆ ವರ್ಷದ ಅಡಿಕೆ 138 ಕಿಲೋ ಆಯಿತು. ಹದಿನೈದು ಗುಂಟೆ ತೋಟಕ್ಕೂ ಅಜ್ಜನ ಸಾಲಕ್ಕೂ ಹೊಂದುವ ಲೆಕ್ಕ.

ರೂಪಾಯಿ ತೂಕ ಎಂದೆನಲ್ಲ, ಅದೇ ತೊಲ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ 1833ರಲ್ಲಿ ತೊಲವನ್ನು 180 ಗ್ರೇನ್ ಎಂದು ಗೊತ್ತುಮಾಡಿತು. ಗ್ರಾಮಿನ ಲೆಕ್ಕದಲ್ಲಿ ಅದು 11.6638. ಬೆಳ್ಳಿಯ ರೂಪಾಯಿಯೂ ಅಷ್ಟೇ ತೂಗುತ್ತಿತ್ತು. ಹಾಗಾಗಿ ಮನೆಯಲ್ಲಿ ರೂಪಾಯಿ ನಾಣ್ಯ ಇದ್ದವರಿಗೆ ತೂಕದ ಬಟ್ಟು ಬೇರೆ ಬೇಕಿರಲಿಲ್ಲ. ನನ್ನ ಅಜ್ಜಿ ಲೇಹ್ಯ ಮಾಡುವಾಗ ಸಣ್ಣ ತಕ್ಕಡಿಯ ಒಂದು ತಟ್ಟೆಗೆ ರಾಣಿಯ ಮುಖದ ರೂಪಾಯಿ ಹಾಕಿ, ಇನ್ನೊಂದರಲ್ಲಿ ಶುಂಠಿ ತೂಗುತ್ತಿದ್ದುದನ್ನು ನಾನು ನೋಡಿದ್ದೇನೆ. ಅಂಚೆಯವರು ಕಾಗದದ ತೂಕವನ್ನೂ ತೊಲದಲ್ಲೇ ಹಿಡಿಯುತ್ತಿದ್ದರು.

ತೊಲದಿಂದ ಗ್ರಾಮಿಗೆ ಬರುವುದಕ್ಕೆ ಬಾಯಿಲೆಕ್ಕವೊಂದಿದೆ. ಮೂರು ತೊಲಕ್ಕೆ ಮೂವತ್ತೈದು ಗ್ರಾಂ. ಒಂದು ಗ್ರಾಮಿನ ನೂರನೇ ಒಂದು ಭಾಗದಷ್ಟೂ ವ್ಯತ್ಯಾಸ ಬರುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ದಕ್ಷಿಣದ ತೂಕಗಳು ಸಲೀಸಾಗಿ ಬಿಚ್ಚಿಕೊಳ್ಳುತ್ತವೆ. ಮೂರು ತೊಲ ಒಂದು ಪಲ, ಅದು 35 ಗ್ರಾಂ. ಎಂಟು ಪಲ ಒಂದು ಕಚ್ಚಾ ಸೇರು, 280 ಗ್ರಾಂ. ಐದು ಸೇರಿಗೆ ತಮಿಳಿನವರು ‘ವೀಸೈ’ ಎನ್ನುತ್ತಿದ್ದರು, ಅದು 1 ಕಿಲೋ 400 ಗ್ರಾಂ. ಎಂಟು ವೀಸೈ ಒಂದು ಮಣ.

ಬಂಗಾಳದಲ್ಲಿ ಏಣಿ ಬೇರೆ. ಅಲ್ಲಿ ಸೇರಿಗೆ 24 ತೊಲ ಅಲ್ಲ, 80 ತೊಲ. ಐದು ತೊಲಕ್ಕೆ ಒಂದು ಚಟಾಕು, ಹದಿನಾರು ಚಟಾಕಿಗೆ ಒಂದು ಸೇರು. ಅದು 933 ಗ್ರಾಂ, ನಲವತ್ತು ಸೇರಿನ ಮಣ 37 ಕಿಲೋ 324 ಗ್ರಾಂ. ಕಂಪನಿಯವರು ಈ ಮಣವನ್ನು ಸರಿಯಾಗಿ ನೂರು ಟ್ರಾಯ್ ಪೌಂಡಿಗೆ ಹೊಂದಿಸಿಕೊಂಡಿದ್ದರು, ಅವರ ಜಮಾಖರ್ಚಿಗೆ ಅದು ಅನುಕೂಲ. ಮುಂಬಯಿಯಲ್ಲಿ ಮಣ ಎಂದರೆ ಸಾಮಾನ್ಯ ಪೌಂಡಿನ ಲೆಕ್ಕದಲ್ಲಿ 28 ಪೌಂಡು, 12 ಕಿಲೋ 700 ಗ್ರಾಂ. ಮದರಾಸಿನ ವ್ಯಾಪಾರದಲ್ಲಿ 25 ಪೌಂಡು, 11 ಕಿಲೋ 340 ಗ್ರಾಂ.

ಈಗ ನಮ್ಮ ನಾಡಿನ ಭೂಪಟವನ್ನು ನೆನಪಿಗೆ ತಂದುಕೊಳ್ಳಿ. 1956ರ ನವೆಂಬರ್ ಒಂದರವರೆಗೆ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರು ಮುಂಬಯಿಗೆ ಸೇರಿದ್ದರು. ಮಂಗಳೂರಿನವರು ಮದರಾಸಿಗೆ, ಕಲಬುರಗಿ ರಾಯಚೂರಿನವರು ಹೈದರಾಬಾದಿಗೆ. ನಡುವೆ ಮೈಸೂರು, ಪಕ್ಕದಲ್ಲಿ ಕೊಡಗು. ಉತ್ತರ ಕನ್ನಡ ಜಿಲ್ಲೆಯಂತೂ ಮೊದಲು ಮದರಾಸಿನಲ್ಲಿತ್ತು, 1862ರಲ್ಲಿ ಮುಂಬಯಿಗೆ ಹೋಯಿತು. ಶಿರಸಿಯ ಒಂದು ಮನೆತನದ ಹಳೆಯ ಕಡತದಲ್ಲಿ ‘ಮಣ’ ಎಂಬ ಪದ ಕಂಡರೆ ಆ ಕಾಗದ 1862ಕ್ಕೆ ಹಿಂದಿನದೋ ಮುಂದಿನದೋ ಎಂದು ಕೇಳಿಯೇ ಮುಂದುವರಿಯಬೇಕು. ಕನ್ನಡಿಗರಿಗೆ ತೂಕ ಬದಲಾಯಿಸುವ ಲೆಕ್ಕ ದೂರದ ಚೀನಾ ಜಪಾನಿನ ಜೊತೆ ಮಾತ್ರ ಇದ್ದದ್ದಲ್ಲ, ವರದಾ ನದಿ ದಾಟಿದರೂ ಇತ್ತು.

ಸರಕಿನ ಮೇಲೂ ತೂಕ ಬದಲಾಗುತ್ತಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಾಡಿ ಬರೆದ ಪ್ರವಾಸ ವರದಿಯಲ್ಲಿ ಪೇಟೆಯಿಂದ ಪೇಟೆಗೆ ಸೇರು ಮಣಗಳು ಬದಲಾಗುವುದನ್ನು ತಾಳ್ಮೆಯಿಂದ ದಾಖಲಿಸಿದ್ದಾನೆ. ಕೆಲವು ಸರಕಿಗೆ ಮಣಕ್ಕೆ 40 ಸೇರು, ಕೆಲವಕ್ಕೆ ಇನ್ನೂ ಹೆಚ್ಚು. ಇದನ್ನು ಮೋಸ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಸಿ ಬೆಲ್ಲ ಒಣಗುತ್ತದೆ, ಹುಣಸೆಯಲ್ಲಿ ನಾರು ಬೀಜ ಇರುತ್ತದೆ, ಸಗಟು ಕೊಂಡವನಿಗೆ ಚಿಲ್ಲರೆ ಮಾರುವಾಗ ಒಂದಿಷ್ಟು ಉದುರಿ ಹೋಗುತ್ತದೆ. ಬೆಲೆಯಲ್ಲಿ ಕಳೆಯಬೇಕಾದ್ದನ್ನು ಹಿಂದಿನವರು ತೂಕದಲ್ಲೇ ಕಳೆದುಕೊಳ್ಳುತ್ತಿದ್ದರು. ಊರಿನ ಎಲ್ಲರಿಗೂ ಗೊತ್ತಿದ್ದ ಕಟ್ಟುಪಾಡು ಅದು. ಕಷ್ಟವಾಗುತ್ತಿದ್ದದ್ದು ಹೊರಗಿನವನಿಗೆ. ಈಗ, ಕಾಲ ಸರಿದ ಮೇಲೆ, ನಾವೂ ಹೊರಗಿನವರೇ.

ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಸೇರು ತೂಕವೂ ಹೌದು, ಅಳತೆಯ ಪಾತ್ರೆಯೂ ಹೌದು. ಒಂದು ಸೇರು ಅಕ್ಕಿ, ಒಂದು ಸೇರು ಅವಲಕ್ಕಿ ಎಂದಾಗ ಪಾತ್ರೆಯ ಮಾತು. ಎರಡೂ ತಕ್ಕಡಿಯಲ್ಲಿ ಒಂದೇ ಆಗುವುದಿಲ್ಲ. ಪಾವು, ಚಟಾಕುಗಳ ಕತೆಯೂ ಇದೇ. ಕೊಳಗ, ಬಳ್ಳ, ಸೊಲಿಗೆಗಳು ಪೂರಾ ಪಾತ್ರೆಯ ಕಡೆಯವು. ಅವನ್ನು ಕೆ.ಜಿ.ಗೆ ತರಲು ಹೊರಟವರು ಮೊದಲು ಧಾನ್ಯ ಯಾವುದೆಂದು ಹೇಳಬೇಕು.

ಇನ್ನು ತೊಲದ ಕೆಳಗಿನ ಮೆಟ್ಟಿಲಿಗೆ ಇಳಿಯೋಣ. ಅಲ್ಲಿರುವುದು ಗುಲಗಂಜಿ. ಕೆಂಪು ಮೈ, ತಲೆಗೊಂದು ಕಪ್ಪು ಬೊಟ್ಟು. ಉತ್ತರದವರು ಇದಕ್ಕೆ ರತ್ತಿ ಎನ್ನುತ್ತಾರೆ. ಎಂಟು ರತ್ತಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲ, ಅಂದರೆ ತೊಲಕ್ಕೆ 96 ಗುಲಗಂಜಿ. ಒಂದರ ತೂಕ 0.1215 ಗ್ರಾಂ. ನಮ್ಮೂರಿನ ಆಚಾರ್ರ ಅಂಗಡಿಯಲ್ಲಿ ಈಗಲೂ ಒಂದು ಸಣ್ಣ ಡಬ್ಬಿಯಲ್ಲಿ ಗುಲಗಂಜಿ ಇದೆ. ಅವರ ತಂದೆಯ ಕಾಲದ್ದು. ಅವರ ಹೊಸ ಮಿಷನ್ ತಕ್ಕಡಿಯ ಮೇಲೆ ನಾನು ಹತ್ತು ಬೀಜ ಹಾಕಿದೆ, ಒಂದು ಗ್ರಾಮಿಗಿಂತ ಕೊಂಚ ಹೆಚ್ಚು ಬಂತು. ಬೇರೆ ಹತ್ತು ಹಾಕಿದೆ, ಹತ್ತಿರ ಹತ್ತಿರ ಬಂತು, ಆದರೆ ಅದೇ ಬರಲಿಲ್ಲ. “ಬೀಜ ಆರಿಸೋದೇ ಒಂದು ವಿದ್ಯೆ ಆಗಿತ್ತು ಸ್ವಾಮಿ. ಸುಕ್ಕಾದ್ದು, ಎಳೇದು ಎಲ್ಲ ತೆಗೆದುಬಿಡ್ತಿದ್ರು ಅಪ್ಪ” ಎಂದರು ಆಚಾರ್ರು. ಬಳ್ಳಿಯಲ್ಲಿ ಬಿಟ್ಟ ಬೀಜವನ್ನು ನಂಬಿ ಬಂಗಾರ ತೂಗುವ ಧೈರ್ಯದ ಹಿಂದೆ ಅಂಥ ಕಣ್ಣುಗಳು ಇದ್ದವು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಗುಲಗಂಜಿ ಇದೆ. ಆ ಗ್ರಂಥದ ಓಲೆಗರಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದದ್ದು 1905ರಲ್ಲಿ, ಅಚ್ಚಾದದ್ದು 1909ರಲ್ಲಿ. ಅದರ ಎರಡನೇ ಅಧಿಕರಣದಲ್ಲಿ ತೂಕ ಅಳತೆಗಳಿಗೇ ಒಂದು ಅಧ್ಯಾಯ ಮೀಸಲು. ತೂಕದ ಕಲ್ಲುಗಳನ್ನು ಕಬ್ಬಿಣದಿಂದ ಇಲ್ಲವೇ ಮಗಧ, ಮೇಕಲ ದೇಶದ ಶಿಲೆಯಿಂದ ಮಾಡಬೇಕು, ನೀರು ತಾಗಿದರೆ ತೂಕ ಏರಬಾರದು, ಬಿಸಿ ತಾಗಿದರೆ ಇಳಿಯಬಾರದು ಎಂಬ ವಿಧಿ ಅಲ್ಲಿದೆ. ಆದರೆ ಅಲ್ಲಿ ಬಂಗಾರದ ಮಾಷಕ್ಕೆ ಐದೇ ಗುಲಗಂಜಿ. ಮುಂದೆ ಬಂದ ಲೆಕ್ಕದಲ್ಲಿ ಎಂಟು. ಒಂದೇ ಮಾಷ, ಒಂದೇ ಗುಲಗಂಜಿ, ಕಾಲ ಬೇರೆಯಾದರೆ ಉತ್ತರ ಬೇರೆ.

ಮಾಷ ಎಂದರೆ ಸಂಸ್ಕೃತದಲ್ಲಿ ಉದ್ದು. ದೋಸೆಗೆ ನೆನೆಹಾಕುತ್ತೇವಲ್ಲ, ಅದೇ ಉದ್ದಿನ ಕಾಳು. ಈ ಕಾಳಿನ ಹೆಸರು ಹಡಗು ಹತ್ತಿ ಮಲಯಕ್ಕೆ ಹೋಯಿತು, ಅಲ್ಲಿ ‘ಮಾಸ್’ ಎಂಬ ತೂಕವಾಯಿತು. ಮಲಯದಲ್ಲಿ ವ್ಯಾಪಾರ ಮಾಡುತ್ತಿದ್ದ ಯುರೋಪಿನವರ ಬಾಯಲ್ಲಿ ಅದು ‘ಮೇಸ್’ ಆಗಿ, ಚೀನೀಯರ ಬೆಳ್ಳಿ ಬಂಗಾರದ ಒಂದು ತೂಕಕ್ಕೆ ಆ ಹೆಸರೇ ಅಂಟಿಕೊಂಡಿತು. ‘ಟೇಲ್’, ‘ಕಟ್ಟಿ’, ‘ಪಿಕಲ್’ ಎಂದು ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ಚೀನೀ ತೂಕಗಳ ಹೆಸರುಗಳೂ ಚೀನೀ ಪದಗಳಲ್ಲ, ಮಲಯದ ತಹಿಲ್, ಕಾತಿ, ಪಿಕುಲ್. ಪಿಕುಲ್ ಎಂದರೆ ಒಬ್ಬ ಆಳು ಹೆಗಲ ಮೇಲೆ ಹೊರುವಷ್ಟು ಭಾರ. ನಮ್ಮಲ್ಲಿ ‘ಒಂದು ಹೊರೆ’ ಎನ್ನುವುದಿಲ್ಲವೇ, ಹಾಗೆ. ಚಹಾಪುಡಿಯ ಡಬ್ಬಿಗೆ ಇಂಗ್ಲಿಷರು ಕ್ಯಾಡಿ ಎನ್ನುತ್ತಾರಲ್ಲ, ಅದೂ ಈ ಕಾತಿಯಿಂದಲೇ ಹುಟ್ಟಿದ್ದು.

ಚೀನಾದ ಏಣಿ ನೆನಪಿಡಲು ಸುಲಭ. 16 ಟೇಲಿಗೆ ಒಂದು ಕಟ್ಟಿ, 100 ಕಟ್ಟಿಗೆ ಒಂದು ಪಿಕಲ್. ಚೀನೀಯರು ಟೇಲಿಗೆ ಲಿಯಾಂಗ್, ಕಟ್ಟಿಗೆ ಜಿನ್ ಎನ್ನುತ್ತಾರೆ. ಹದಿನಾರು ಎಂಬ ಸಂಖ್ಯೆ ನಮಗೆ ಹೊಸದಲ್ಲ. ಸೇರಿಗೆ 16 ಚಟಾಕು, ರೂಪಾಯಿಗೆ 16 ಆಣೆ, ನಮ್ಮ ವೀಸ ಎಂದರೂ ಹದಿನಾರನೇ ಒಂದು ಭಾಗ. ಕಾರಣ ತಕ್ಕಡಿಯಲ್ಲೇ ಇದೆ. ಒಂದು ರಾಶಿಯನ್ನು ಎರಡೂ ತಟ್ಟೆಗೆ ಸಮನಾಗಿ ಹಂಚಿದರೆ ಅರ್ಧ. ಅರ್ಧವನ್ನು ಮತ್ತೆ ಹಂಚಿದರೆ ಕಾಲು, ಆಮೇಲೆ ಅರೆಕಾಲು, ಆಮೇಲೆ ವೀಸ. ಬಟ್ಟು ಒಂದೂ ಇಲ್ಲದೆ ಹದಿನಾರನೇ ಭಾಗದವರೆಗೆ ಇಳಿಯಬಹುದು. ಹತ್ತು ಪಾಲು ಮಾಡಿ ನೋಡೋಣ ಎಂದರೆ ಹಾಗೆ ಆಗುವುದಿಲ್ಲ. ಕ್ಯಾಂಟನ್ನಿನ ವ್ಯಾಪಾರಿಗೂ ಕಲ್ಕತ್ತೆಯ ವ್ಯಾಪಾರಿಗೂ ತಕ್ಕಡಿ ಕಲಿಸಿದ ಪಾಠ ಒಂದೇ.

ಕಟ್ಟಿ ಎಷ್ಟು ಗ್ರಾಂ ಎಂದು ಕೇಳಿದಿರೋ, ಅಲ್ಲಿಗೆ ನಮ್ಮ ಮಣದ ಕತೆ ಮರುಕಳಿಸುತ್ತದೆ. ಹಾಂಗ್‌ಕಾಂಗಿನಲ್ಲಿ 604.79 ಗ್ರಾಂ, ಬ್ರಿಟಿಷರ ಒಂದೂ ಮೂರನೇ ಒಂದು ಪೌಂಡಿಗೆ ಹೊಂದಿಸಿದ್ದು. ಮಲೇಷಿಯಾದಲ್ಲೂ ಅದೇ. ತೈವಾನಿನಲ್ಲಿ ಸರಿಯಾಗಿ 600. ಚೀನಾದ ಮುಖ್ಯಭೂಮಿಯಲ್ಲಿ 500. ಎರಡು ಸಾವಿರ ವರ್ಷಕ್ಕೂ ಹಿಂದೆ ಚಿನ್ ಚಕ್ರವರ್ತಿ ದೇಶಕ್ಕೆಲ್ಲ ಒಂದೇ ತೂಕ ತಂದಾಗ ಅದು ಸುಮಾರು 250 ಗ್ರಾಂ ಇತ್ತು ಎಂಬುದು ನೆಲದಡಿ ಸಿಕ್ಕ ಆ ಕಾಲದ ತೂಕದ ಕಲ್ಲುಗಳಿಂದ ತಿಳಿಯುತ್ತದೆ. ಹೆಸರು ಹಾಗೇ ಉಳಿದು ತೂಕ ಇಮ್ಮಡಿಯನ್ನೂ ದಾಟಿತು.

ಚೀನಾ ಜನತಾ ಗಣರಾಜ್ಯದ ಸರ್ಕಾರ 1959ರಲ್ಲಿ ಇನ್ನೊಂದು ಬದಲಾವಣೆ ಮಾಡಿತು. ಜಿನ್ 500 ಗ್ರಾಮಿನಲ್ಲೇ ನಿಂತಿತು, ಆದರೆ ಅದರಲ್ಲಿ 16 ಲಿಯಾಂಗ್ ಬದಲು 10 ಲಿಯಾಂಗ್ ಆಯಿತು. ಒಂದೇ ಆಜ್ಞೆಯಲ್ಲಿ ಲಿಯಾಂಗ್ 31.25 ಗ್ರಾಮಿನಿಂದ 50 ಗ್ರಾಮಿಗೆ ಏರಿತು. ತರಕಾರಿ ಮಾರುವವರಿಗೆ ಇದು ಅನುಕೂಲವಾಯಿತು. ಔಷಧದ ಅಂಗಡಿಗಳಲ್ಲಿ ಮಾತ್ರ ಹಳೆಯ ಹದಿನಾರರ ಲೆಕ್ಕವನ್ನೇ ಉಳಿಸಿಕೊಂಡರು. ಆಲೋಚಿಸಿ ನೋಡಿ, ತಲೆಮಾರುಗಳಿಂದ ಬಂದ ಚೀಟಿಯಲ್ಲಿ ‘ಒಂದು ಲಿಯಾಂಗ್’ ಎಂದು ಬರೆದಿರುವ ಬೇರನ್ನು ಹೊಸ ಅಳತೆಯಲ್ಲಿ ತೂಗಿ ಕೊಟ್ಟರೆ ರೋಗಿಯ ಹೊಟ್ಟೆಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ಔಷಧ ಹೋಗುತ್ತದೆ. ಔಷಧದ ಅಂಗಡಿಯವರು ಗ್ರಾಮಿಗೆ ಬಂದದ್ದು 1979ರಲ್ಲಿ. ಆಗಲೂ 31.25 ಎಂದು ಎಳೆಯದೆ 30 ಗ್ರಾಂ ಎಂದು ಮೊಟಕು ಮಾಡಿಕೊಂಡರು.

ನಮ್ಮ ಆಯುರ್ವೇದದವರೂ ಹೀಗೇ ಮಾಡಿದ್ದಾರೆ. ಭಾರತ ಸರ್ಕಾರದ ಆಯುರ್ವೇದ ಔಷಧಸಂಗ್ರಹದಲ್ಲಿ ತೊಲ 12 ಗ್ರಾಂ, ಗುಲಗಂಜಿ 125 ಮಿಲಿಗ್ರಾಂ, ಪಲ 48 ಗ್ರಾಂ. ಮದರಾಸಿನ ಪೇಟೆಯ ಪಲ 35 ಗ್ರಾಂ ಎಂದು ಆಗ ಹೇಳಿದೆನಲ್ಲ, ವೈದ್ಯರ ಪಲ ಅದಲ್ಲ. ಲೇಹ್ಯದ ಹಳೆಯ ಚೀಟಿಯನ್ನು ದಿನಸಿ ಲೆಕ್ಕದಲ್ಲಿ ಓದಿದರೆ ಪಾಕ ಕೆಡುತ್ತದೆ. ದ್ರವಪದಾರ್ಥಕ್ಕೆ ಕೆಲವು ಅಳತೆಗಳನ್ನು ಇಮ್ಮಡಿ ಹಿಡಿಯುವ ಪದ್ಧತಿ ಬೇರೆ ಇದೆ. ಮನೆಯಲ್ಲಿ ಕಷಾಯ ಲೇಹ್ಯ ಮಾಡುವವರು ತಿಳಿದ ವೈದ್ಯರನ್ನು ಕೇಳದೆ ಈ ಲೆಕ್ಕಕ್ಕೆ ಕೈ ಹಾಕಬಾರದು.

ಹಾಂಗ್‌ಕಾಂಗಿನಲ್ಲಿ ನನ್ನ ತಂಗಿಯ ಮಗಳು ಇದ್ದಾಳೆ. ಹೋದ ದೀಪಾವಳಿಗೆ ಮುಂಚೆ ಫೋನ್ ಮಾಡಿದಳು. “ಮಾವ, ಅಮ್ಮನಿಗೆ ಒಂದು ಸರ ತಗೋಬೇಕು. ಇಲ್ಲಿ ಅಂಗಡಿಯವರು ಟೇಲಿಗೆ ಇಷ್ಟು ಅಂತ ದರ ಹೇಳ್ತಾರೆ. ಅಮ್ಮ ಕೇಳೋದು ತೊಲದಲ್ಲಿ. ಎಷ್ಟಾಗತ್ತೆ?” ನಾನು ಕೇಳಿದೆ, “ಯಾವ ಟೇಲು? ತರಕಾರಿದೋ ಬಂಗಾರದ್ದೋ?” ಅವಳಿಗೆ ಆಶ್ಚರ್ಯ. ಅಲ್ಲಿ ಎರಡು ಟೇಲುಗಳಿವೆ. ಸಾಮಾನ್ಯ ಸರಕಿನದು 37.799 ಗ್ರಾಂ, ಬಂಗಾರದ್ದು 37.429 ಗ್ರಾಂ. ವ್ಯತ್ಯಾಸ 0.37 ಗ್ರಾಂ, ಹೆಚ್ಚುಕಡಿಮೆ ಮೂರು ಗುಲಗಂಜಿ. ಮೂರು ಗುಲಗಂಜಿ ಬಂಗಾರ ಎಂದರೆ ಇವತ್ತಿನ ದರದಲ್ಲಿ ಬಿಟ್ಟುಕೊಡುವಂಥದ್ದಲ್ಲ. ಬಂಗಾರದ ಟೇಲನ್ನು ನಮ್ಮ ಅಕ್ಕಸಾಲಿಗರ ಭಾಷೆಗೆ ತಂದೆ. ಮೂರು ತೊಲ, ಮೇಲೆ ಇಪ್ಪತ್ತು ಗುಲಗಂಜಿ. ತಂಗಿಗೆ ಅದು ಕೂಡಲೇ ಅರ್ಥವಾಯಿತು.

ಜಪಾನಿನ ಮೊಮ್ಮೆ, ಕೊರಿಯಾದ ದೋನ್, ವಿಯೆಟ್ನಾಮಿನ ಬಂಗಾರದ ಚಿ, ಮೂರೂ 3.75 ಗ್ರಾಂ. ಹತ್ತು ಕೂಡಿದರೆ 37.5, ತೈವಾನಿನ ಟೇಲಿಗೆ ಸಮ. ಈ ಬಳಗವನ್ನು ಒಟ್ಟಿಗೇ ಕಲಿತುಬಿಡಬಹುದು. ಜಪಾನಿನ ಐದು ಯೆನ್ ನಾಣ್ಯದ ತೂಕವೂ 3.75 ಗ್ರಾಂ, ಸರಿಯಾಗಿ ಒಂದು ಮೊಮ್ಮೆ. ಮುತ್ತಿನ ವ್ಯಾಪಾರದಲ್ಲಿ ಇಂದಿಗೂ ಮೊಮ್ಮೆಯೇ ನಡೆಯುತ್ತದೆ. ಕೊರಿಯಾದಲ್ಲಿ ಮಗುವಿಗೆ ಒಂದು ವರ್ಷ ತುಂಬಿದಾಗ ನೆಂಟರು ಒಂದು ದೋನಿನ ಬಂಗಾರದ ಉಂಗುರ ಕೊಡುತ್ತಾರೆ. 2007ರಲ್ಲಿ ಅಲ್ಲಿನ ಸರ್ಕಾರ ಹಳೆಯ ಅಳತೆಗಳನ್ನು ವ್ಯಾಪಾರದಲ್ಲಿ ಬಳಸದಂತೆ ಬಿಗಿ ಮಾಡಿತು. ಮನೆಮಾತಿನಿಂದ ದೋನ್ ಹೋಗಲಿಲ್ಲ. ಅದೇ ಕೊರಿಯಾದಲ್ಲಿ ಒಂದು ಗನ್ ಮಾಂಸ ಎಂದರೆ 600 ಗ್ರಾಂ, ಒಂದು ಗನ್ ತರಕಾರಿ ಎಂದರೆ 400. ಬುಕಾನನ್ ಕಂಡ ನಮ್ಮ ಸಂತೆಗಳನ್ನು ನೆನಪಿಸುವ ರೂಢಿ.

ನನಗೆ ಹೆಚ್ಚು ಹತ್ತಿರವೆನಿಸುವುದು ಬರ್ಮಾದ ಲೆಕ್ಕ. ತಮಿಳು ವ್ಯಾಪಾರಿಗಳ ವೀಸೈ ಬಂಗಾಳ ಕೊಲ್ಲಿ ದಾಟಿ ರಂಗೂನಿಗೆ ಹೋಯಿತು. ಇಂಗ್ಲಿಷರು ಎರಡೂ ಕಡೆಯದಕ್ಕೆ ‘ವಿಸ್’ ಎಂದೇ ಬರೆದರು. ಬರ್ಮೀಯರ ಮಾತಿನಲ್ಲಿ ಅದು ಪೈಥಾ, ನೂರು ಚಾಟ್ ತೂಕ. ಮದರಾಸಿನ ವಿಸ್ 1 ಕಿಲೋ 400 ಗ್ರಾಂ ಆದರೆ ಬರ್ಮಾದ್ದು 1 ಕಿಲೋ 633 ಗ್ರಾಂ. ಇಂದಿಗೂ ಅಲ್ಲಿನ ಸಂತೆಯಲ್ಲಿ ಈರುಳ್ಳಿ, ಮೀನು ಮಾರುವುದು ಇದೇ ತೂಕದಲ್ಲಿ. ಚಾಟ್ ಎಂಬುದು ಅವರ ನಾಣ್ಯದ ಹೆಸರೂ ಹೌದು. ಥಾಯ್ಲೆಂಡಿನ ಬಾತ್ ಕೂಡ ಹಾಗೇ, ನಾಣ್ಯವೂ ಹೌದು, ತೂಕವೂ ಹೌದು. ಅಲ್ಲಿ ಬಂಗಾರದ ಗಟ್ಟಿಗೆ ಬಾತ್ 15.244 ಗ್ರಾಂ, ಒಡವೆಗೆ 15.16. ಎಂಬತ್ತು ಬಾತಿಗೆ ಅವರ ಒಂದು ಚಾಂಗ್. ಎಂಬತ್ತು ರೂಪಾಯಿ ತೂಕಕ್ಕೆ ಬಂಗಾಳದ ಒಂದು ಸೇರು. ನಾಣ್ಯವನ್ನೇ ತಕ್ಕಡಿಗೆ ಹಾಕಿದ ದೇಶಗಳಲ್ಲಿ ನಾಣ್ಯ ಹಗುರವಾದರೆ ಸೇರೂ ಹಗುರವಾಗುತ್ತಿತ್ತು. ಹಳೆಯ ತೂಕಗಳು ಅಲುಗಾಡಿದ್ದಕ್ಕೆ ಇದೂ ಒಂದು ಕಾರಣ.

ಮೆಟ್ರಿಕ್ ಪದ್ಧತಿ ಬಂದ ಮೇಲೆ ಇವೆಲ್ಲ ಸತ್ತುಹೋದವು ಎಂದು ತಿಳಿಯಬೇಡಿ. ನಮ್ಮ ಕಾಯಿದೆ ಬಂದದ್ದು 1956ರಲ್ಲಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಗಿ 1962ರ ಹೊತ್ತಿಗೆ ದೇಶವೆಲ್ಲ ಕಿಲೋಗ್ರಾಮಿಗೆ ಬಂತು. ಆದರೂ ಹತ್ತಿಯ ಮಾರುಕಟ್ಟೆಯನ್ನು ನೋಡಿ. ಅರಳೆಯ ದರವನ್ನು ಇಂದಿಗೂ ಖಂಡಿಗೆ ಇಷ್ಟು ಎಂದೇ ಹೇಳುತ್ತಾರೆ. ಒಂದು ಖಂಡಿ ಎಂದರೆ 356 ಕಿಲೋ. ಇದೆಲ್ಲಿಂದ ಬಂತು ಈ ವಿಚಿತ್ರ ಸಂಖ್ಯೆ? ಮುಂಬಯಿಯ 28 ಪೌಂಡಿನ ಮಣವನ್ನು 28 ಸಲ ಇಟ್ಟರೆ 784 ಪೌಂಡು, ಅದೇ ಈ 356 ಕಿಲೋ. ಹುಬ್ಬಳ್ಳಿ, ರಾಯಚೂರಿನ ರೈತ ಬಿಡಿ ಹತ್ತಿಯನ್ನು ಕ್ವಿಂಟಲಿನಲ್ಲಿ ಮಾರುತ್ತಾನೆ. ಅದೇ ಹತ್ತಿ ಬೀಜ ಬಿಡಿಸಿ ಅರಳೆಯಾದ ಮೇಲೆ ಖಂಡಿಯ ದರಕ್ಕೆ ಏರುತ್ತದೆ. ಎರಡು ದರಗಳನ್ನು ಪತ್ರಿಕೆಯಲ್ಲಿ ಪಕ್ಕಪಕ್ಕ ಓದುವ ರೈತನಿಗೆ ಈ ಲೆಕ್ಕ ಗೊತ್ತಿರಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಶಾಲೆಯಲ್ಲಿ ಯಾರೂ ಇದನ್ನು ಹೇಳಿಕೊಡುವುದಿಲ್ಲ.

ಕರಾವಳಿಯ ಮನೆಗಳಲ್ಲಿ ಬಂಗಾರಕ್ಕೆ ‘ಪವನು’ ಎನ್ನುತ್ತಾರೆ. ಅದು ಬ್ರಿಟಿಷರ ಸಾವರಿನ್ ನಾಣ್ಯದ ತೂಕ, 7.988 ಗ್ರಾಂ, ಈಗ 8 ಗ್ರಾಂ ಎಂದು ಹಿಡಿಯುತ್ತಾರೆ. ದುಬೈಗೆ ಹೋದ ನಮ್ಮವರು ಕಂಡದ್ದು ಹತ್ತು ತೊಲದ ಬಿಸ್ಕತ್ತು, 116.64 ಗ್ರಾಂ. ಅದು ಲಂಡನ್ನಿನ ಲೆಕ್ಕಕ್ಕೆ ಸರಿಯಾಗಿ 3.75 ಟ್ರಾಯ್ ಔನ್ಸು. ತೊಲ 180 ಗ್ರೇನ್, ಔನ್ಸು 480 ಗ್ರೇನ್ ಆದ್ದರಿಂದ ಭಾಗಾಕಾರ ಸರಿಯಾಗಿ ಮುಗಿಯುತ್ತದೆ. ಈ 3.75 ಔನ್ಸಿಗೂ ಜಪಾನಿನ 3.75 ಗ್ರಾಮಿಗೂ ಸಂಬಂಧವಿಲ್ಲ, ಅಂಕಿ ಮಾತ್ರ ಕಾಕತಾಳೀಯ. ಇನ್ನು ಈಗಿನ ಕೆಲವು ಪೇಟೆಗಳಲ್ಲಿ ತೊಲ ಎಂದರೆ ಹತ್ತು ಗ್ರಾಂ ಎಂದೇ ಮಾತಾಡುತ್ತಾರೆ. ಅಜ್ಜಿಯ ಕಾಲದ ‘ಹತ್ತು ತೊಲ’ವನ್ನು ಈಗಿನ ‘ಹತ್ತು ತೊಲ’ಕ್ಕೆ ಸಮ ಎಂದು ಪಾಲು ಮಾಡಿಕೊಂಡರೆ 16 ಗ್ರಾಮಿಗೂ ಹೆಚ್ಚು ಬಂಗಾರ ಲೆಕ್ಕದಿಂದ ತಪ್ಪುತ್ತದೆ. ಪಾಲುಪಟ್ಟಿ ಬರೆಸುವವರು ಗ್ರಾಮಿನಲ್ಲೇ ಬರೆಸಿ.

ಹಾಗಾದರೆ ಒಂದು ಹಳೆಯ ತೂಕ ಎದುರಾದಾಗ ಏನು ಮಾಡಬೇಕು? ಗುಣಾಕಾರಕ್ಕೆ ಆತುರ ಬೇಡ. ಊರು ಯಾವುದು, ಇಸವಿ ಎಷ್ಟು, ಸರಕು ಯಾವುದು, ತೂಗಿದ್ದೋ ಅಳೆದದ್ದೋ, ಇಷ್ಟನ್ನು ಮೊದಲು ಕೇಳಿಕೊಳ್ಳಿ. ಆಮೇಲೆ ಆ ಕಾಗದದಲ್ಲೇ ಕೂಡಿಕೆ ಎಲ್ಲಾದರೂ ಇದೆಯೇ ನೋಡಿ. ದಶಕ ಒಯ್ದ ಜಾಗದಲ್ಲಿ ಮಣಕ್ಕೆ ಎಷ್ಟು ಸೇರು, ಸೇರಿಗೆ ಎಷ್ಟು ತೊಲ ಎಂಬುದು ತಾನಾಗಿ ಬಯಲಾಗುತ್ತದೆ. ಕೊನೆಗೆ ಬಂದ ಉತ್ತರವನ್ನು ಮನೆಯ ಹಿರಿಯರ ಮುಂದೆ ಇಡಿ. ದೊಡ್ಡಮ್ಮನ ಹದಿನೈದು ಗುಂಟೆ ತೋಟ ನಮ್ಮನ್ನು ಮುನ್ನೂರ ಇಪ್ಪತ್ತಮೂರು ಕಿಲೋ ತಪ್ಪಿನಿಂದ ಉಳಿಸಿತು.

ಕೇಳುತ್ತಿರುವ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ಬಾಗಿಲಿಗೆ ಒತ್ತಾಗಿ ಎಲ್ಲಾದರೂ ಹಳೆಯ ತೂಕದ ಕಲ್ಲು ಬಿದ್ದಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಹತ್ತಿರದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಅದನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಊರಿನದು, ಅದರಿಂದ ಏನು ತೂಗುತ್ತಿದ್ದರು, ಎಷ್ಟು ಗ್ರಾಂ ಬಂತು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಅಜ್ಜನ ಲೆಕ್ಕದ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ. ಆ ಹೆಸರು ಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ, ಈ ವಾರವೇ, ಆ ಕೆಲಸ ಮಾಡಿ.